ಮುಖವಾಡದೊಳಗಿನ ಉಸಿರು

ಪ್ರತಿವರ್ಷವೂ ನಮ್ಮ ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ನುರಿತ ವೈದ್ಯ ಮಹನೀಯರು ರಕ್ತದೊತ್ತಡ, ಮಧುಮೇಹ, ಹೃದ್ರೋಗ ಮೊದಲಾದ ವಿಷಯಗಳನ್ನು ಕುರಿತು ಉಪಯುಕ್ತ ಲೇಖನಗಳನ್ನು ಬರೆಯುತ್ತ ಬಂದಿದ್ದಾರೆ. ಅಂಥವರ ಪಂಕ್ತಿಯಲ್ಲಿ, ವಾಣಿಜ್ಯ ಪದವಿಯೊಂದನ್ನು ಮಾತ್ರ ಸಂಪಾದಿಸಿ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಇಪ್ಪತ್ತು ವರ್ಷ ಕಳೆದ ನನ್ನಂಥವನಿಗೆ ಏನು ಕೆಲಸವೆಂದು ಓದುಗರು ಕೇಳಿದರೆ ಅದು ಸಹಜವೇ ಸರಿ. ಕಳೆದ ವಾರ್ಷಿಕೋತ್ಸವದ ಛದ್ಮವೇಷ ಸ್ಪರ್ಧೆಯಲ್ಲಿ ನನ್ನ ಮಗ ಧರಿಸಿದ್ದ ಕರಿಯ ಶಿರಸ್ತ್ರಾಣವನ್ನು ಕಂಡ ಅನೇಕ ಮಿತ್ರರು, "ಇದನ್ನು ಮನೆಯಲ್ಲೇ ಹೇಗೆ ಮಾಡಿದಿರಿ?" ಎಂದು ವಿಚಾರಿಸಿದ್ದರು. ಅವರಿಗೆ ಒಂದೆರಡು ಮಾತುಗಳಲ್ಲಿ ಉತ್ತರಿಸುವುದು ನನ್ನಿಂದಾಗಲಿಲ್ಲ. ಏಕೆಂದರೆ ಅವರು ಕಂಡದ್ದು ಎರಡನೆಯ ಶಿರಸ್ತ್ರಾಣ. ಮೊದಲನೆಯದನ್ನು ಯಾರೂ ಕಾಣಲಿಲ್ಲ. ಅದರಿಂದ ನಮ್ಮ ಮನೆಯಲ್ಲಿ ಒಂದು ರಾತ್ರಿ ನಡೆದುದು ಯಾರಿಗೂ ತಿಳಿಯಲಿಲ್ಲ. ಅದನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ಹೇಳುವುದೇ ಈ ಲೇಖನದ ಉದ್ದೇಶ.

ಬಾಲಕನ ಆಯ್ಕೆ

ನನ್ನ ಮಗನಿಗೆ ಈಗ ಹನ್ನೊಂದು ವರ್ಷ. ನಾಲ್ಕನೆಯ ವಯಸ್ಸಿನಿಂದಲೂ ಅವನಿಗೆ ಉಬ್ಬಸದ ತೊಂದರೆ. ಊರಿನಲ್ಲಿ ನಮ್ಮ ಅಜ್ಜಿ ಇದನ್ನು ಗೂರಲು ಎನ್ನುತ್ತಿದ್ದರು. ಇಂದಿನವರು ಆಸ್ತಮಾ ಎನ್ನುತ್ತಾರೆ. ಮುಂಬಯಿಯ ಮಳೆಗಾಲದ ತೇವ, ಗೋಡೆಯ ಬೂಷ್ಟು, ದೀಪಾವಳಿಯ ಹೊಗೆ ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಎದೆಯೊಳಗೆ ಸಿಳ್ಳೆಯ ಸದ್ದು ಆರಂಭವಾಗುತ್ತದೆ. ವೈದ್ಯರು ಸೂಚಿಸಿದ ಇನ್ಹೇಲರನ್ನು ಕೊಳವೆಯಾಕಾರದ ಸ್ಪೇಸರಿಗೆ ಜೋಡಿಸಿ, ಅದರ ಮುಖಕವಚವನ್ನು ಮೂಗು ಬಾಯಿಗಳಿಗೆ ಒತ್ತಿ ಹಿಡಿದು ಔಷಧವನ್ನು ಸೇದಿಕೊಳ್ಳುವುದು ಅವನಿಗೆ ಹಲ್ಲುಜ್ಜಿದಷ್ಟೇ ಅಭ್ಯಾಸವಾಗಿತ್ತು. ಆದರೆ ಶಾಲೆಯಲ್ಲಿ ಒಮ್ಮೆ ಓರಗೆಯ ಹುಡುಗರು ನಕ್ಕ ಮೇಲೆ ಅದನ್ನು ನಾಲ್ಕು ಜನರೆದುರು ಹೊರತೆಗೆಯಲು ನಾಚತೊಡಗಿದ.

ಹೀಗಿರುವಾಗ ಒಂದು ಭಾನುವಾರ ಅವನು 1977ರ ಅಮೆರಿಕನ್ ಚಲನಚಿತ್ರ 'ಸ್ಟಾರ್ ವಾರ್ಸ್' ಅನ್ನು ನೋಡಿದ. ಅದರಲ್ಲಿ ಡಾರ್ತ್ ವೇಡರ್ ಎಂಬ ಖಳನಾಯಕನಿದ್ದಾನೆ. ಆಜಾನುಬಾಹು, ಕರಿಯ ನಿಲುವಂಗಿ, ಮುಖವನ್ನೆಲ್ಲ ಮುಚ್ಚಿದ ಕರಿಯ ಶಿರಸ್ತ್ರಾಣ. ಅವನು ತೆರೆಯ ಮೇಲೆ ಬರುವ ಮೊದಲೇ ಅವನ ಉಸಿರಾಟದ ಯಾಂತ್ರಿಕ ಸದ್ದು ಕೇಳಿಸುತ್ತದೆ. ಚಿತ್ರ ಮುಗಿದ ಮೇಲೆ ಮಗ ನನ್ನ ಬಳಿಗೆ ಬಂದು, "ಅಪ್ಪಾ, ಅವನಿಗೂ ನನ್ನ ಹಾಗೇ ಉಸಿರಾಟ. ಆದರೆ ಅವನನ್ನು ಕಂಡರೆ ಯಾರೂ ನಗುವುದಿಲ್ಲ" ಎಂದ. ಸಂಘದ ಛದ್ಮವೇಷ ಸ್ಪರ್ಧೆಗೆ ಅವನು ಆರಿಸಿಕೊಂಡ ವೇಷ ಅದೇ. ಅಂಗಡಿಯ ತೆಳು ಪ್ಲಾಸ್ಟಿಕ್ ಮುಖವಾಡ ಅವನಿಗೆ ಹಿಡಿಸಲಿಲ್ಲ. ನಾವೇ ಮಾಡಬೇಕೆಂದು ಹಟ ಹಿಡಿದ. ಅವನ ಆ ಮಾತನ್ನು ಕೇಳಿದ ಮೇಲೆ ಇಲ್ಲವೆನ್ನಲು ನನಗೂ ಮನಸ್ಸಾಗಲಿಲ್ಲ.

ಶಿರಸ್ತ್ರಾಣದ ಜನ್ಮವೃತ್ತಾಂತ

ಯಾವುದೇ ಸಾಲದ ಅರ್ಜಿ ಬಂದರೆ ಅದರ ಪೂರ್ವಾಪರಗಳನ್ನು ಪರಿಶೀಲಿಸುವುದು ನಮ್ಮ ವೃತ್ತಿಧರ್ಮ. ಆ ಅಭ್ಯಾಸದಿಂದಲೇ ಈ ಶಿರಸ್ತ್ರಾಣದ ಚರಿತ್ರೆಯನ್ನೂ ಹುಡುಕಿ ಓದಿದೆ. ಓದಿದಷ್ಟೂ ಬಾಲಕನ ಮಾತಿನಲ್ಲಿ ಹುರುಳಿದೆಯೆಂಬುದು ಮನವರಿಕೆಯಾಯಿತು.

ಚಿತ್ರದ ನಿರ್ದೇಶಕ ಜಾರ್ಜ್ ಲೂಕಸ್. 1975ರಲ್ಲಿ ಚಿತ್ರಕಲಾವಿದ ರಾಲ್ಫ್ ಮೆಕ್ವಾರಿಯವರು ಕಥೆಯ ದೃಶ್ಯಗಳನ್ನು ಕುಂಚದಲ್ಲಿ ಕಲ್ಪಿಸುತ್ತಿದ್ದರು. ಆಗಿನ ಕಥಾಪಾಠದ ಪ್ರಕಾರ ವೇಡರ್ ಒಂದು ನೌಕೆಯಿಂದ ಮತ್ತೊಂದಕ್ಕೆ ಗಾಳಿಯಿಲ್ಲದ ಬಾಹ್ಯಾಕಾಶವನ್ನು ದಾಟಿ ಬರಬೇಕಾಗಿತ್ತು. ಹಾಗಾದರೆ ಅವನು ಉಸಿರಾಡುವುದು ಹೇಗೆ ಎಂಬ ಪ್ರಶ್ನೆ ಮೆಕ್ವಾರಿಯವರಿಗೆ ಎದುರಾಯಿತು. ಉತ್ತರವಾಗಿ ಅವರು ಅವನಿಗೊಂದು ಉಸಿರಾಟದ ಮುಖಕವಚವನ್ನು ಬರೆದರು. ಮುಂದೆ ಕಥೆ ಬದಲಾದರೂ ಮುಖಕವಚ ಉಳಿದುಕೊಂಡಿತು. ಜಪಾನಿನ ಸಮುರಾಯ್ ಯೋಧರ ಶಿರಸ್ತ್ರಾಣದ ಅಗಲವಾದ ಅಂಚು ಅದರಲ್ಲಿ ಎದ್ದು ಕಾಣುತ್ತದೆ. ವಸ್ತ್ರವಿನ್ಯಾಸಕಾರ ಜಾನ್ ಮೊಲ್ಲೊ ಆ ಚಿತ್ರವನ್ನು ಉಡುಪಾಗಿ ರೂಪಿಸಿದರು; ಇಡೀ ಚಿತ್ರದ ವಸ್ತ್ರವಿನ್ಯಾಸಕ್ಕಾಗಿ 1978ರಲ್ಲಿ ಅವರಿಗೆ ಆಸ್ಕರ್ ಪ್ರಶಸ್ತಿ ದೊರೆಯಿತು. ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಶಿಲ್ಪಿ ಬ್ರಯನ್ ಮ್ಯೂರ್ ಜೇಡಿಮಣ್ಣಿನಲ್ಲಿ ಅದರ ಆಕಾರವನ್ನು ಕಡೆದರು. ಆ ಅಚ್ಚಿನಿಂದ ಫೈಬರ್ ಗ್ಲಾಸಿನ ಶಿರಸ್ತ್ರಾಣ ಸಿದ್ಧವಾಯಿತು.

ಅದನ್ನು ಧರಿಸಿದವರು ಆರೂವರೆ ಅಡಿ ಎತ್ತರದ ಭಾರ ಎತ್ತುವ ಪಟು ಡೇವಿಡ್ ಪ್ರೌಸ್. ಧ್ವನಿಯನ್ನು ಕೊಟ್ಟವರು ಜೇಮ್ಸ್ ಅರ್ಲ್ ಜೋನ್ಸ್. ಉಸಿರನ್ನು ಕೊಟ್ಟವರು ಮೂರನೆಯವರು, ಶಬ್ದವಿನ್ಯಾಸಕ ಬೆನ್ ಬರ್ಟ್. ನೀರಿನಾಳದಲ್ಲಿ ಮುಳುಗುವವರು ಬಳಸುವ ಉಸಿರಾಟದ ಉಪಕರಣದೊಳಗೆ ಪುಟ್ಟ ಮೈಕನ್ನಿಟ್ಟು ತಮ್ಮ ಉಸಿರನ್ನೇ ಅವರು ಮುದ್ರಿಸಿಕೊಂಡರು. ಹೀಗೆ ಒಂದು ಮುಖವಾಡದ ಹಿಂದೆ ಮೂವರಿದ್ದರು. ಪ್ರೌಸ್ 2020ರಲ್ಲಿಯೂ ಜೋನ್ಸ್ 2024ರಲ್ಲಿಯೂ ತೀರಿಕೊಂಡರು.

ಶಿರಸ್ತ್ರಾಣದ ಬಗ್ಗೆ ಇನ್ನೊಂದು ಸ್ವಾರಸ್ಯವಿದೆ. 1977ರದು ಕೈಯಿಂದ ಕಡೆದದ್ದಾದ್ದರಿಂದ ಅದರ ಎಡಬಲಗಳು ಒಂದೇ ಸಮನಾಗಿಲ್ಲ. ಸೂಕ್ಷ್ಮವಾಗಿ ನೋಡಿದರೆ ಮುಖ ಒಂದಿಷ್ಟು ಓರೆಯಾಗಿದೆ. 2005ರ ಚಿತ್ರಕ್ಕಾಗಿ ಎರಡೂ ಬದಿಗಳನ್ನು ಸಮಗೊಳಿಸಿ ಹೊಸದನ್ನು ಮಾಡಲಾಯಿತು. ಅದರ ಬಣ್ಣ ಪೂರ್ತಿ ಹೊಳೆಯುವ ಕಪ್ಪು. ಹಳೆಯದರ ಮುಖಭಾಗದಲ್ಲಿಯಾದರೋ ಕಪ್ಪು ಹಾಗೂ ಬಂದೂಕಿನ ಲೋಹದ ಬೂದು, ಈ ಎರಡು ಬಣ್ಣಗಳಿವೆ. ಪ್ರತಿಕೃತಿಯನ್ನು ಮಾಡುವವರು ಮೊದಲು ನಿರ್ಧರಿಸಬೇಕಾದುದು ಯಾವ ಚಿತ್ರದ ಶಿರಸ್ತ್ರಾಣ ಎಂಬುದನ್ನೇ. ನನ್ನ ಕೈಯ ಓರೆಕೋರೆಗಳು ಕ್ಷಮ್ಯವಾಗುವುದು ಹಳೆಯದರಲ್ಲಿ ಮಾತ್ರವಾದ್ದರಿಂದ ನಾವು 1977ನ್ನೇ ಆರಿಸಿಕೊಂಡೆವು.

ಹವ್ಯಾಸಿಗಳ ಲೋಕ ಮತ್ತು ಕಾನೂನು

ಇಂಥ ಪ್ರತಿಕೃತಿಗಳನ್ನು ನಿರ್ಮಿಸುವುದು ಪಾಶ್ಚಾತ್ಯ ದೇಶಗಳಲ್ಲಿ ಬಹು ಜನರ ಗಂಭೀರ ಹವ್ಯಾಸವಾಗಿದೆ. ಅಪಘಾತವೊಂದರ ಪರಿಣಾಮವಾಗಿ ಒಂದು ಕಾಲನ್ನು ಕಳೆದುಕೊಂಡಿದ್ದ ಅಮೆರಿಕದ ಆಲ್ಬಿನ್ ಜಾನ್ಸನ್ ಎಂಬವರು ಇದೇ ಚಿತ್ರದ ಬಿಳಿಯ ಸೈನಿಕನ ಕವಚವನ್ನು ಕಟ್ಟಿಕೊಂಡು, 1997ರಲ್ಲಿ ಗೆಳೆಯರೊಡನೆ '501ನೇ ಲೀಜನ್' ಎಂಬ ಕೂಟವನ್ನು ಸ್ಥಾಪಿಸಿದರು. ಇಂದು ಅನೇಕ ದೇಶಗಳಲ್ಲಿ ಅದರ ಸದಸ್ಯರಿದ್ದಾರೆ. ವೇಷ ಚಿತ್ರದಲ್ಲಿದ್ದಂತೆಯೇ ಇರಬೇಕೆಂಬ ಕಟ್ಟುನಿಟ್ಟಿನ ನಿಯಮ ಅವರದು. ಆ ವೇಷದಲ್ಲಿ ಮಕ್ಕಳ ಆಸ್ಪತ್ರೆಗಳಿಗೆ ಹೋಗಿ ರೋಗಿಗಳನ್ನು ನಗಿಸುವುದು, ಧರ್ಮಕಾರ್ಯಗಳಿಗೆ ಹಣ ಕೂಡಿಸುವುದು ಅವರ ಕೆಲಸ. ಜಾನ್ಸನ್ನರ ಪುಟ್ಟ ಮಗಳು ಮೆದುಳಿನ ಗಡ್ಡೆಯಿಂದ 2005ರಲ್ಲಿ ತೀರಿಕೊಂಡಾಗ, ಹವ್ಯಾಸಿಗಳು ಅವಳಿಗೆ ಪ್ರಿಯವಾದ ಗುಲಾಬಿ ಬಣ್ಣದಲ್ಲಿ ಒಂದು ಯಂತ್ರಮಾನವನನ್ನೇ ನಿರ್ಮಿಸಿಕೊಟ್ಟರು. 2015ರ ಚಿತ್ರದ ಒಂದು ದೃಶ್ಯದ ಹಿನ್ನೆಲೆಯಲ್ಲಿ ಆ ಗುಲಾಬಿ ಯಂತ್ರ ಕಾಣಿಸಿಕೊಂಡಿದೆ. ಇದನ್ನು ಓದಿದ ದಿನ, ಆಟಿಕೆಯ ಕೆಲಸವೆಂದು ನನ್ನಲ್ಲಿದ್ದ ಅಲ್ಪಸ್ವಲ್ಪ ತಾತ್ಸಾರವೂ ಹೊರಟುಹೋಯಿತು.

ಕಾನೂನಿನ ಮಾತನ್ನೂ ಹೇಳಿಬಿಡುವುದು ಲೇಸು. ಬಿಳಿಯ ಸೈನಿಕರ ಶಿರಸ್ತ್ರಾಣಗಳನ್ನು ಚಿತ್ರಕ್ಕಾಗಿ ತಯಾರಿಸಿದ್ದ ಆಂಡ್ರೂ ಐನ್ಸ್‌ವರ್ತ್ ಎಂಬವರು ಮುಂದೆ ಅವುಗಳ ಪ್ರತಿಗಳನ್ನು ಮಾರತೊಡಗಿದಾಗ ಲೂಕಸ್‌ಫಿಲ್ಮ್ ಸಂಸ್ಥೆ ದಾವೆ ಹೂಡಿತು. ಕ್ಯಾಲಿಫೋರ್ನಿಯಾದ ನ್ಯಾಯಾಲಯ 2006ರಲ್ಲಿ ಅವರ ವಿರುದ್ಧ 2 ಕೋಟಿ ಡಾಲರುಗಳ ತೀರ್ಪನ್ನಿತ್ತಿತು. ಇಂಗ್ಲೆಂಡಿನಲ್ಲಿ ಈ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2011ರ ಜುಲೈ 27ರಂದು ಆ ನ್ಯಾಯಾಲಯ, ಶಿರಸ್ತ್ರಾಣವು ಶಿಲ್ಪಕೃತಿಯಲ್ಲ, ಚಿತ್ರ ತಯಾರಿಕೆಗೆ ಒದಗಿದ ಉಪಯುಕ್ತ ವಸ್ತು. ಆದುದರಿಂದ ಶಿಲ್ಪಕ್ಕಿರುವ ಕೃತಿಸ್ವಾಮ್ಯ ಅದಕ್ಕೆ ಸಲ್ಲದು ಎಂದು ನಿರ್ಣಯಿಸಿತು. ಆದರೆ ಅಮೆರಿಕದ ಹಕ್ಕುಗಳ ಉಲ್ಲಂಘನೆಯ ಪ್ರಶ್ನೆಯನ್ನು ಇಂಗ್ಲೆಂಡಿನ ನ್ಯಾಯಾಲಯದಲ್ಲಿಯೂ ವಿಚಾರಿಸಬಹುದೆಂದಿತು. ಒಂದೇ ವಸ್ತುವಿಗೆ ದೇಶಕ್ಕೊಂದು ನ್ಯಾಯವಿರುವಾಗ ನಮ್ಮಂಥವರು ಮನೆಯ ಮಗುವಿಗಾಗಿ ಮಾಡಿಕೊಳ್ಳೋಣ, ಮಾರಾಟದ ಗೋಜಿಗೆ ಹೋಗದಿರೋಣ.

ನನ್ನ ಮೊದಲನೆಯ ಪ್ರಯತ್ನ

ಹವ್ಯಾಸಿಗಳು ಅನುಸರಿಸುವ ಜನಪ್ರಿಯ ವಿಧಾನವೊಂದಿದೆ. ಜಪಾನಿನಲ್ಲಿ ತಯಾರಾದ 'ಪೇಪಕುರಾ' ಎಂಬ ಗಣಕ ತಂತ್ರಾಂಶ, ಘನಾಕೃತಿಯನ್ನು ಬಿಡಿಸಿ ಚಪ್ಪಟೆ ತುಂಡುಗಳ ನಕಾಶೆಯನ್ನಾಗಿ ಮಾಡಿಕೊಡುತ್ತದೆ. ಅದನ್ನು ದಪ್ಪ ಕಾಗದದ ಮೇಲೆ ಮುದ್ರಿಸಿ, ಕತ್ತರಿಸಿ, ಮಡಚಿ, ಅಂಟಿಸಿದರೆ ಕಾಗದದ ಶಿರಸ್ತ್ರಾಣ ಸಿದ್ಧ. ಅದಕ್ಕೆ ಪಾಲಿಯೆಸ್ಟರ್ ರೆಸಿನ್ ಬಳಿದು, ಒಳಗಿನಿಂದ ಗಾಜಿನ ನಾರಿನ ಹಾಸನ್ನು ಹೊಂದಿಸಿದರೆ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಬಳಿಕ ಮೋಟಾರು ಗ್ಯಾರೇಜಿನವರು ಬಳಸುವ ಪುಟ್ಟಿಯನ್ನು ತುಂಬಿ, ಉಜ್ಜಿ ನಯಮಾಡಿ, ಡಬ್ಬಿಯ ಬಣ್ಣವನ್ನು ಸಿಂಪಡಿಸುವುದು.

ಅಬ್ದುಲ್ ರೆಹಮಾನ್ ಬೀದಿಯಿಂದ ದಪ್ಪ ಕಾಗದವನ್ನೂ ಬಣ್ಣದ ಅಂಗಡಿಯಿಂದ ರೆಸಿನ್ನು, ಗಾಜಿನ ನಾರು, ಪುಟ್ಟಿ, ಸಿಂಪಡಿಸುವ ಬಣ್ಣಗಳನ್ನೂ ತಂದೆ. ಒಟ್ಟು ಖರ್ಚು ಸುಮಾರು 3,400 ರೂಪಾಯಿ. ತಿಂಗಳು ಜುಲೈ. ಎಡೆಬಿಡದ ಮಳೆ. ನಮ್ಮದು ಡೊಂಬಿವಲಿಯಲ್ಲಿ ಎರಡು ಕೋಣೆಯ ಮನೆ. ಗಾಜು ಕೂರಿಸಿ ಮುಚ್ಚಿದ ಬಾಲ್ಕನಿಯೇ ನನ್ನ ಕಾರ್ಯಾಗಾರವಾಯಿತು. ಮಳೆನೀರು ಒಳಗೆ ಬೀಳಬಾರದೆಂದು ಕಿಟಕಿಯನ್ನು ಮುಚ್ಚಿಕೊಂಡೆ. ಕೋವಿಡ್ ಕಾಲದಲ್ಲಿ ಕೊಂಡಿಟ್ಟಿದ್ದ ಎನ್-95 ಮಾಸ್ಕನ್ನು ಧರಿಸಿ, ಎಲ್ಲ ಮುನ್ನೆಚ್ಚರಿಕೆಯನ್ನೂ ವಹಿಸಿದ ಸಮಾಧಾನದಿಂದ ಎರಡು ಶನಿವಾರಗಳನ್ನು ಈ ಕೆಲಸದಲ್ಲಿ ಕಳೆದೆ. ಊರಿನಿಂದ ಬಂದಿದ್ದ ಅಮ್ಮ, "ಇದೆಂತ ವಾಸನೆ ಮಾರಾಯ? ಮಾಣಿಗೆ ಆಗುವುದಿಲ್ಲ" ಎಂದು ಎರಡು ಸಲ ಹೇಳಿದರು. "ಬಾಗಿಲು ಹಾಕಿದ್ದೇನಲ್ಲ ಅಮ್ಮಾ" ಎಂದು ಉತ್ತರಿಸಿದೆ.

ಎರಡನೆಯ ಶನಿವಾರ ಸಂಜೆ ಒಣ ಪುಟ್ಟಿಯನ್ನು ಉಜ್ಜಿ, ಕರಿಯ ಬಣ್ಣದ ಮೊದಲ ಲೇಪವನ್ನು ಸಿಂಪಡಿಸಿದೆ. ಮಳೆಗಾಲದ ತೇವದಲ್ಲಿ ಬಣ್ಣ ಹೊಳೆಯುವ ಬದಲು ಬೂದಿ ಬಳಿದಂತೆ ಮಂಕಾಯಿತು. ಆ ಬೇಸರದಲ್ಲಿ ಮತ್ತೆರಡು ಲೇಪ ಹಾಕಿದೆ. ರಾತ್ರಿ ಒಂದೂವರೆಯ ಹೊತ್ತಿಗೆ ಮಗನ ಕೋಣೆಯಿಂದ ನನ್ನ ಪತ್ನಿ ಕೂಗಿದಳು. ಹುಡುಗ ಹಾಸಿಗೆಯ ಮೇಲೆ ಎದ್ದು ಕುಳಿತು, ಭುಜಗಳನ್ನು ಮೇಲೆತ್ತಿ, ಪಕ್ಕೆಗಳ ನಡುವಿನ ಚರ್ಮ ಒಳಕ್ಕೆ ಸೆಳೆಯುವಂತೆ ಉಸಿರೆಳೆಯುತ್ತಿದ್ದ. ಪೂರ್ತಿ ಒಂದು ವಾಕ್ಯವನ್ನು ಹೇಳಲು ಅವನಿಂದಾಗುತ್ತಿರಲಿಲ್ಲ. ಇನ್ಹೇಲರಿನಿಂದ ಸಿಗಬೇಕಾದ ಪರಿಹಾರ ಸಿಗಲಿಲ್ಲ. ಮಳೆಯಲ್ಲಿಯೇ ರಿಕ್ಷಾ ಹಿಡಿದು ಸಮೀಪದ ಆಸ್ಪತ್ರೆಗೆ ಧಾವಿಸಿದೆವು. ಆಮ್ಲಜನಕ, ನೆಬ್ಯುಲೈಸರ್, ಸೂಜಿಮದ್ದುಗಳ ನಂತರ ಬೆಳಗಿನ ಜಾವಕ್ಕೆ ಅವನ ಉಸಿರು ಹದಕ್ಕೆ ಬಂದಿತು. ಎರಡು ದಿನ ಅಲ್ಲಿಯೇ ಇರಬೇಕಾಯಿತು.

ರಾತ್ರಿಪಾಳಿಯ ತರುಣ ವೈದ್ಯೆ ನನ್ನ ಅಂಗಿಯ ಮೇಲಿದ್ದ ಕರಿಯ ಚುಕ್ಕೆಗಳನ್ನೂ ವಾಸನೆಯನ್ನೂ ಗಮನಿಸಿ ಏನು ಕೆಲಸ ಮಾಡುತ್ತಿದ್ದಿರೆಂದು ಕೇಳಿದರು. ಹೇಳಿದೆ. ಮಾಸ್ಕ್ ಧರಿಸಿದ್ದೆನೆಂಬುದನ್ನೂ ಸೇರಿಸಿದೆ. "ನೀವು ಧರಿಸಿದ್ದಿರಿ, ಸರಿ. ಆ ಹುಡುಗ ಧರಿಸಿದ್ದನೆ? ನೀವು ಧರಿಸಿದ್ದೂ ಅದಕ್ಕೆ ತಕ್ಕುದಲ್ಲ" ಎಂದರು. ಅವರು ಗದರಿಸಲಿಲ್ಲ, ಗದರಿಸಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಉಸಿರಿನ ತೊಂದರೆಯ ಹುಡುಗನಿಗೆ ಧೈರ್ಯ ಬರಲೆಂದು ಆರಂಭಿಸಿದ ಕೆಲಸ ಅವನ ಉಸಿರನ್ನೇ ಕಟ್ಟಿಸಿತ್ತು.

ಯಾವ ವಸ್ತು, ಏನು ಅಪಾಯ

ಅಂದಿನಿಂದ ಈ ವಿಷಯದಲ್ಲಿ ವೈದ್ಯರನ್ನು ಕೇಳಿಯೂ ಡಬ್ಬಿಗಳ ಮೇಲಿನ ಸಣ್ಣಕ್ಷರಗಳನ್ನು ಓದಿಯೂ ತಿಳಿದುಕೊಂಡುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಪ್ರತಿಕೃತಿ ಮಾಡುವವರಿಗೆ ಮಾತ್ರವಲ್ಲ, ಮನೆಗೆ ಬಣ್ಣ ಹೊಡೆಸುವವರಿಗೂ ಪೀಠೋಪಕರಣಕ್ಕೆ ಪಾಲಿಶ್ ಮಾಡಿಸುವವರಿಗೂ ಇದು ಅನ್ವಯಿಸುತ್ತದೆ.

ಒಂದು: ಪಾಲಿಯೆಸ್ಟರ್ ರೆಸಿನ್ ಮತ್ತು ಗ್ಯಾರೇಜಿನ ಪುಟ್ಟಿ ಇವೆರಡರಲ್ಲೂ ಸ್ಟೈರೀನ್ ಎಂಬ ಆವಿಯಾಗುವ ದ್ರವವಿದೆ. ಅದು ಕಣ್ಣು, ಮೂಗು, ಶ್ವಾಸನಾಳಗಳನ್ನು ಕೆರಳಿಸುತ್ತದೆ, ತಲೆಸುತ್ತು ತರುತ್ತದೆ. ರೆಸಿನ್ ಗಟ್ಟಿಯಾಗಲು ಬೆರೆಸುವ ಪೆರಾಕ್ಸೈಡ್ ದ್ರವ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಕನ್ನಡಕವಿಲ್ಲದೆ ಅದರ ಶೀಶೆಯನ್ನು ತೆರೆಯಲೇಬಾರದು.

ಎರಡು: ಗಟ್ಟಿಯಾದ ರೆಸಿನ್, ಗಾಜಿನ ನಾರು, ಪುಟ್ಟಿ ಇವುಗಳನ್ನು ಒಣದಾಗಿ ಉಜ್ಜಿದಾಗ ಏಳುವ ಧೂಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ, ಬಾಗಿಲ ಸಂದಿಯಲ್ಲಿ ನುಸುಳುತ್ತದೆ, ಬಟ್ಟೆಗೆ ಅಂಟಿಕೊಂಡು ಮಲಗುವ ಕೋಣೆಗೂ ಬರುತ್ತದೆ. ನೀರಿನಲ್ಲಿ ನೆನೆಸಿ ಉಜ್ಜುವ ಕಾಗದವನ್ನು ಬಳಸಿದರೆ ಧೂಳು ಕೆಸರಾಗಿ ಅಲ್ಲಿಯೇ ನಿಲ್ಲುತ್ತದೆ. ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಮೂರು: ಸಿಂಪಡಿಸುವ ಡಬ್ಬಿಯ ಬಣ್ಣದಲ್ಲಿ ಅಸಿಟೋನ್, ಟಾಲ್ವೀನ್, ಜೈಲೀನ್ ಮೊದಲಾದ ದ್ರಾವಕಗಳಿರುತ್ತವೆ, ಅದನ್ನು ಹೊರದೂಡುವ ಅನಿಲ ಉರಿಯುವಂಥದು. ಅಡುಗೆಮನೆಯ ಒಲೆಗೋ ದೇವರ ದೀಪಕ್ಕೋ ಸಮೀಪದಲ್ಲಿ ಬಳಸಿದರೆ ಬೆಂಕಿಯ ಭಯವೂ ಉಂಟು. ಮೋಟಾರು ವಾಹನಗಳಿಗೆ ಬಳಸುವ, ಎರಡು ದ್ರವಗಳನ್ನು ಬೆರೆಸುವ ಬಣ್ಣಗಳಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕವಿರುವುದುಂಟು. ಆರೋಗ್ಯವಂತರಲ್ಲಿಯೂ ವೃತ್ತಿಜನ್ಯ ಆಸ್ತಮಾ ಉಂಟುಮಾಡುವ ಮುಖ್ಯ ಕಾರಣಗಳಲ್ಲಿ ಅದೊಂದು. ಅಂಥ ಬಣ್ಣ ಮನೆಯ ಹೊಸ್ತಿಲನ್ನು ದಾಟಲೇಬಾರದು.

ನಾಲ್ಕು: ಎನ್-95 ಮಾಸ್ಕ್ ಧೂಳಿನ ಕಣಗಳನ್ನು ತಡೆಯುತ್ತದೆಯೇ ಹೊರತು ಆವಿಯನ್ನು ತಡೆಯುವುದಿಲ್ಲ. ವಾಸನೆ ಒಳಗೆ ಬರುತ್ತಿದ್ದರೆ ಆವಿಯೂ ಬರುತ್ತಿದೆಯೆಂದೇ ಅರ್ಥ. ಆವಿಗೆ ಬೇಕಾದುದು ಸಕ್ರಿಯ ಇದ್ದಲನ್ನು ತುಂಬಿದ ಡಬ್ಬಿಗಳುಳ್ಳ ರಬ್ಬರಿನ ಉಸಿರುಕವಚ. ಅದೂ ಗಡ್ಡವಿರುವ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ. ಇದ್ದಲಿಗೂ ಆಯುಸ್ಸಿದೆ, ಕಾಲಕಾಲಕ್ಕೆ ಬದಲಿಸಬೇಕು. ಈ ಕವಚಗಳು ದೊಡ್ಡವರ ಮುಖದ ಅಳತೆಗೆ ಮಾಡಿದವು. ಆದುದರಿಂದ ಮಕ್ಕಳಿಗೆ ಇರುವ ರಕ್ಷಣೆ ಒಂದೇ, ಅವರು ಅಲ್ಲಿ ಇಲ್ಲದಿರುವುದು.

ಐದು: ಈಚೆಗೆ ಮೂರು ಆಯಾಮದ ಮುದ್ರಣಯಂತ್ರದಿಂದ ಶಿರಸ್ತ್ರಾಣವನ್ನು ಮುದ್ರಿಸುವವರಿದ್ದಾರೆ. ಕರಗಿದ ಪ್ಲಾಸ್ಟಿಕ್ಕು ಅತಿ ಸೂಕ್ಷ್ಮ ಕಣಗಳನ್ನು ಹೊರಸೂಸುವುದರಿಂದ ಅಂಥ ಯಂತ್ರವನ್ನು ಮಲಗುವ ಕೋಣೆಯಲ್ಲಿಡಬಾರದು. ಅದರಲ್ಲಿ ಬಳಸುವ ಪಿಎಲ್ಎ ಎಂಬ ಪ್ಲಾಸ್ಟಿಕ್ಕು 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆತ್ತಗಾಗುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗಿಟ್ಟರೆ ಶಿರಸ್ತ್ರಾಣ ಸೊಟ್ಟಗಾಗುವುದು ನಿಶ್ಚಯ.

ಎರಡನೆಯ ಪ್ರಯತ್ನ

ಆಸ್ಪತ್ರೆಯಿಂದ ಬಂದ ಮೇಲೆ ಅರೆಬರೆಯಾದ ಆ ಶಿರಸ್ತ್ರಾಣವನ್ನು ನಾನು ಹೊರಗೆ ಹಾಕಿದೆ. ವೇಷದ ಮಾತೇ ಬೇಡವೆಂದು ನಿಶ್ಚಯಿಸಿದ್ದೆ. ಮಗ ಒಂದು ವಾರ ಸುಮ್ಮನಿದ್ದು, ಬಳಿಕ, "ಅಪ್ಪಾ, ವಾಸನೆ ಬಾರದ ಹಾಗೆ ಮಾಡಲಿಕ್ಕೆ ಆಗುವುದೇ ಇಲ್ಲವಾ?" ಎಂದು ಕೇಳಿದ. ಉತ್ತರ ಹೇಳಿದವರು ಅಮ್ಮ. ಮುಂಬಯಿಯಲ್ಲಿ ಕಾಗದದ ರದ್ದಿನಿಂದ ಗಣಪತಿಯ ಮೂರ್ತಿಗಳನ್ನು ಮಾಡುವುದನ್ನು ಅವರು ನೋಡಿದ್ದರು. "ಅಷ್ಟು ದೊಡ್ಡ ಗಣಪತಿ ಕಾಗದದಲ್ಲಿ ಆಗುತ್ತದಾದರೆ ಇವನ ತಲೆ ಆಗದಾ?" ಎಂದರು.

ಹೊಸದಾಗಿ ಮಗನ ತಲೆಯ ಸುತ್ತಳತೆ ತೆಗೆದೆವು, 52 ಸೆಂಟಿಮೀಟರ್. ಸುತ್ತಲೂ ಮೂರು ನಾಲ್ಕು ಸೆಂಟಿಮೀಟರ್ ಗಾಳಿಯಾಡುವಂತೆ ನಕಾಶೆಯ ಗಾತ್ರವನ್ನು ಹೊಂದಿಸಿ, ದಪ್ಪ ಕಾಗದದ 14 ಹಾಳೆಗಳಲ್ಲಿ ಮುದ್ರಿಸಿದೆವು. ಮುಖಭಾಗ ಬೇರೆ, ಮೇಲಿನ ಗುಮ್ಮಟ ಬೇರೆ. ಮೂಲ ಶಿರಸ್ತ್ರಾಣವೂ ಹೀಗೆಯೇ ಎರಡು ಭಾಗಗಳದು. ಕತ್ತರಿಸುವುದು ನನ್ನ ಕೆಲಸ, ಅಂಕಿಗೆ ಅಂಕಿ ಹೊಂದಿಸಿ ಅಂಟಿಸುವುದು ಅವನ ಕೆಲಸ. ಬಳಿಕ ವೃತ್ತಪತ್ರಿಕೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿದು, ನೀರು ಬೆರೆಸಿದ ಬಿಳಿಯ ಫೆವಿಕಾಲಿನಲ್ಲಿ ಅದ್ದಿ, ಒಳಗೂ ಹೊರಗೂ ಅಡ್ಡಡ್ಡವಾಗಿ ಅಂಟಿಸಿದೆವು. ಒಂದು ಪದರ ಪೂರ್ತಿ ಒಣಗಿದ ಮೇಲೆಯೇ ಮತ್ತೊಂದು. ಅವಸರಪಟ್ಟರೆ ಒಳಗೆ ತೇವ ಉಳಿದು ಬೂಷ್ಟು ಹಿಡಿಯುತ್ತದೆ. ಉಬ್ಬಸದವರಿಗೆ ಬೂಷ್ಟೂ ಶತ್ರುವೇ. ಮಳೆ ಕಳೆದು ಅಕ್ಟೋಬರಿನ ಬಿಸಿಲು ಬಂದಿದ್ದರಿಂದ ದಿನಕ್ಕೊಂದು ಪದರದಂತೆ ನಾಲ್ಕು ದಿನಗಳಲ್ಲಿ ಅದು ಗಟ್ಟಿಯಾಯಿತು.

ಅಂಕುಡೊಂಕುಗಳನ್ನು ತುಂಬಲು ನೀರಿನಲ್ಲಿ ಕರಗುವ, ಮರಗೆಲಸಕ್ಕೆ ಬಳಸುವ ಪುಟ್ಟಿಯನ್ನು ತಂದೆ. ಅದು ಅರ್ಧ ಒಣಗಿರುವಾಗಲೇ ಹಿಂಡಿದ ಒದ್ದೆ ಸ್ಪಂಜಿನಿಂದ ತೀಡಿದರೆ ಬಹುಪಾಲು ನಯವಾಗುತ್ತದೆ. ಧೂಳೇಳುವ ಪ್ರಶ್ನೆಯೇ ಇಲ್ಲ. ಉಳಿದ ಚೂರುಪಾರು ಉಜ್ಜುವ ಕೆಲಸವನ್ನು, ಮಗ ಶಾಲೆಯಲ್ಲಿದ್ದಾಗ, ಕಟ್ಟಡದ ಗಚ್ಚಿಯ ಮೇಲೆ ಗಾಳಿ ಬೀಸುವ ದಿಕ್ಕಿಗೆ ಬೆನ್ನುಮಾಡಿ ಮುಗಿಸಿ, ಅಲ್ಲಿಯೇ ಅಂಗಿ ಬದಲಿಸಿ ಕೆಳಗಿಳಿದೆ.

ಬಣ್ಣಕ್ಕೆ ನೀರಿನ ಅಕ್ರಿಲಿಕ್ಕನ್ನೇ ಆರಿಸಿದೆ. ಮೊದಲು ಒಂದು ಬಿಳಿಯ ತಳಲೇಪ. ಅದರ ಮೇಲೆ ಸ್ಪಂಜಿನ ಪುಟ್ಟ ರೋಲರಿನಿಂದ ಕಪ್ಪಿನ ನಾಲ್ಕು ತೆಳು ಲೇಪಗಳು. ಕುಂಚವಾದರೆ ಗೀರುಗಳು ಉಳಿಯುತ್ತವೆ. ದಪ್ಪವಾಗಿ ಬಳಿದರೆ ಇಳಿದು ಕಣ್ಣೀರಿನಂತೆ ನಿಲ್ಲುತ್ತದೆ. ಮುಖಭಾಗದ ಬೂದುಬಣ್ಣವನ್ನು ಬೆಳ್ಳಿಗೆ ಕಪ್ಪು ಬೆರೆಸಿ ಸಿದ್ಧಪಡಿಸಿ, ಕಾಗದದ ಅಂಟುಪಟ್ಟಿಯಿಂದ ಗೆರೆ ಕಟ್ಟಿ ಮಗನೇ ಬಳಿದ. ಪಟ್ಟಿಯನ್ನು ಬಣ್ಣ ಪೂರ್ತಿ ಒಣಗುವ ಮುನ್ನ ನಿಧಾನವಾಗಿ ಬಿಡಿಸಬೇಕೆಂಬುದನ್ನು ಒಂದು ಸಲ ಕೆಡಿಸಿದ ಮೇಲೆ ಕಲಿತೆವು. ಕೊನೆಗೆ ನೀರಿನ ವಾರ್ನಿಶ್ ಎರಡು ಲೇಪ. ಮೋಟಾರು ಬಣ್ಣದ ಕನ್ನಡಿ ಹೊಳಪು ಇದಕ್ಕೆ ಬರಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಹತ್ತಡಿ ದೂರದಿಂದ ನೋಡಿದರೆ ಯಾವ ಕೊರತೆಯೂ ಕಾಣುವುದಿಲ್ಲ.

ಒಳಗಿನ ವ್ಯವಸ್ಥೆ ಹೊರಗಿನ ಅಂದಕ್ಕಿಂತ ಮುಖ್ಯ. ಕಟ್ಟಡ ಕಾರ್ಮಿಕರ ಹೆಲ್ಮೆಟ್ಟಿನೊಳಗಿರುವ ಪಟ್ಟಿಯ ಚೌಕಟ್ಟನ್ನು ಬಿಚ್ಚಿ ಇದರೊಳಗೆ ಕೂರಿಸಿದೆವು. ಭಾರ ತಲೆಯ ಮೇಲೆ ಸಮನಾಗಿ ಹಂಚಿಕೊಳ್ಳುತ್ತದೆ. ಬಾಯಿಯ ತ್ರಿಕೋನದ ಜಾಲರಿಯನ್ನು ನಿಜವಾಗಿಯೂ ತೆರೆದಿಟ್ಟು, ಗುಮ್ಮಟದ ಹಿಂದಿನ ಅಂಚಿನ ಕೆಳಗೆ ಕಾಣದಂತೆ ರಂಧ್ರಗಳನ್ನು ಕೊರೆದೆವು. ಕಣ್ಣುಗಳಿಗೆ ಹಳೆಯ ತಂಪುಕನ್ನಡಕದ ಗಾಜುಗಳು. ಒಮ್ಮೆಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಧರಿಸಕೂಡದು, ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು, ಒಂದೇ ಕೈಯಿಂದ ಎತ್ತಿ ತೆಗೆಯುವಂತಿರಬೇಕು ಎಂಬ ಮೂರು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದೆವು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ 620 ಗ್ರಾಂ. ಈ ಸಲದ ಒಟ್ಟು ಖರ್ಚು 870 ರೂಪಾಯಿ. ಮೊದಲನೆಯದರ ಖರ್ಚಿನಲ್ಲಿ ಆಸ್ಪತ್ರೆಯ ಬಿಲ್ಲನ್ನು ನಾನು ಸೇರಿಸಿಲ್ಲ. ಸೇರಿಸಿದರೆ ಆ ಖಾತೆ ಎಂದಿಗೂ ತಾಳೆಯಾಗುವುದಿಲ್ಲ.

ವೇದಿಕೆಯ ಮೇಲೆ

ವೇಡರನ ಎದೆಯ ಮೇಲೆ ಗುಂಡಿಗಳುಳ್ಳ ಒಂದು ಪೆಟ್ಟಿಗೆಯಿದೆ. ಕಥೆಯ ಪ್ರಕಾರ ಅವನ ಉಸಿರನ್ನು ನಡೆಸುವ ಯಂತ್ರದ ಭಾಗ ಅದು. ಪಾದರಕ್ಷೆಯ ರಟ್ಟಿನ ಡಬ್ಬಿಯನ್ನು ಕತ್ತರಿಸಿ ನಾವೂ ಒಂದನ್ನು ಮಾಡಿದೆವು. ಅದಕ್ಕೆ ತೆರೆಯುವ ಮುಚ್ಚಳವಿರಲಿ ಎಂದು ಮಗ ಹೇಳಿದಾಗ ಏಕೆಂದು ನಾನು ಕೇಳಲಿಲ್ಲ.

ಸ್ಪರ್ಧೆಯ ದಿನ ಅವನು ಕರಿಯ ನಿಲುವಂಗಿಯಲ್ಲಿ ವೇದಿಕೆಗೆ ಬಂದು ತನ್ನ ಪರಿಚಯದ ನಾಲ್ಕು ವಾಕ್ಯಗಳನ್ನು ಕನ್ನಡದಲ್ಲಿಯೇ ಹೇಳಿದ. ಸಭಾಂಗಣದಲ್ಲಿ ಜನ ಕಿಕ್ಕಿರಿದಿದ್ದರು, ಸೆಖೆಯೂ ಬಹಳವಾಗಿತ್ತು. ಮಾತು ಮುಗಿಸಿ ಇಳಿಯುವ ಬದಲು ಅವನು ಅಲ್ಲಿಯೇ ನಿಂತು ಶಿರಸ್ತ್ರಾಣವನ್ನು ಎತ್ತಿ ತೆಗೆದ. ನಾನು ಗಾಬರಿಯಿಂದ ಎದ್ದು ನಿಂತೆ. ಅವನು ಎದೆಯ ಪೆಟ್ಟಿಗೆಯನ್ನು ತೆರೆದು, ಒಳಗಿಂದ ತನ್ನ ಸ್ಪೇಸರನ್ನೂ ಇನ್ಹೇಲರನ್ನೂ ತೆಗೆದು, ವೈದ್ಯರು ಕಲಿಸಿದ ರೀತಿಯಲ್ಲಿ ನಿಧಾನವಾಗಿ ಸೇದಿಕೊಂಡು, ಮತ್ತೆ ಒಳಗಿಟ್ಟು ಮುಚ್ಚಳ ಹಾಕಿದ. ನಿಜವಾಗಿಯೂ ಉಸಿರು ಕಟ್ಟಿತ್ತೇ ಎಂದು ಅಮೇಲೆ ಕೇಳಿದೆ. "ಸ್ವಲ್ಪ" ಎಂದ. ಯಾರೂ ನಗಲಿಲ್ಲ. ಅವನಿಗೆ ಬಹುಮಾನ ಬರಲಿಲ್ಲ. ಮೊದಲನೆಯ ಬಹುಮಾನ ಒನಕೆ ಓಬವ್ವನ ವೇಷದ ಪುಟ್ಟ ಹುಡುಗಿಗೆ ನ್ಯಾಯವಾಗಿಯೇ ಸಂದಿತು. ಆದರೆ ಕಾರ್ಯಕ್ರಮ ಮುಗಿದ ಬಳಿಕ ತಾಯಿಯೊಬ್ಬರು ತಮ್ಮ ಮಗನನ್ನು ಕರೆತಂದು, "ಇವನಿಗೂ ಅದೇ ಔಷಧ. ಜನರೆದುರು ತೆಗೆದುಕೊಳ್ಳಲು ಒಪ್ಪುವುದಿಲ್ಲ" ಎಂದರು. ಹುಡುಗರಿಬ್ಬರೂ ಆ ಪೆಟ್ಟಿಗೆಯ ಮುಚ್ಚಳವನ್ನು ತೆರೆದು ಮುಚ್ಚುತ್ತ ಬಹಳ ಹೊತ್ತು ನಿಂತಿದ್ದರು.

ಮಕ್ಕಳೊಡನೆ ಕುಳಿತು ಕೈಯಾರೆ ಏನನ್ನಾದರೂ ಮಾಡಿರೆಂದು ನಾನು ಓದುಗ ಬಾಂಧವರಲ್ಲಿ ಪ್ರಾರ್ಥಿಸುತ್ತೇನೆ. ಮಾಡುವ ಮುನ್ನ ಡಬ್ಬಿಯ ಮೇಲಿನ ಬರಹವನ್ನು ಓದಿರಿ, ಕಿಟಕಿಯನ್ನು ತೆರೆಯಿರಿ, ಉಸಿರಿನ ತೊಂದರೆಯಿರುವವರು ಮನೆಯಲ್ಲಿದ್ದರೆ ಮೊದಲು ಅವರ ವೈದ್ಯರನ್ನು ಕೇಳಿರಿ. ಮನೆಯ ಹಿರಿಯರು ವಾಸನೆ ಬರುತ್ತಿದೆಯೆಂದು ಹೇಳಿದರೆ ಒಂದೇ ಸಲಕ್ಕೆ ಕೇಳಿರಿ. ನಾನು ಕೇಳಿರಲಿಲ್ಲ.

ನಮ್ಮ ಶಿರಸ್ತ್ರಾಣ ಈಗ ಪುಸ್ತಕದ ಕಪಾಟಿನ ಮೇಲಿದೆ. ಅದರ ಎಡಗೆನ್ನೆ ಬಲಗೆನ್ನೆಗಿಂತ ಒಂದಿಷ್ಟು ತಗ್ಗಾಗಿದೆ. ಮಗನ ಇನ್ಹೇಲರು ಪಕ್ಕದಲ್ಲಿಯೇ, ಎಲ್ಲರಿಗೂ ಕಾಣುವಂತೆ ಇರುತ್ತದೆ.